ಕುಂಸಿಯ ದಿಬ್ಬಗಳು: ಮಲೆನಾಡಿನ ಹೊಸ್ತಿಲಲ್ಲಿ ಸೈಕಲ್ ಸವಾರಿ

ಶಿವಮೊಗ್ಗದಿಂದ ಸಾಗರದ ದಾರಿ ಹಿಡಿದರೆ ಸುಮಾರು 25 ಕಿ.ಮೀ.ಗೆ ಕುಂಸಿ ಸಿಗುತ್ತದೆ. ಶಿವಮೊಗ್ಗ ತಾಲ್ಲೂಕಿನ ಹೋಬಳಿ ಊರು. ರೈಲು ನಿಲ್ದಾಣವಿದೆ, ಪೊಲೀಸ್ ಠಾಣೆಯಿದೆ, ಹೆದ್ದಾರಿಯ ಎರಡೂ ಬದಿಗೆ ಅಂಗಡಿಗಳಿವೆ. ಜೋಗಕ್ಕೆ ಹೊರಟ ಕಾರಿನವರು ಕುಂಸಿ ಬಂದದ್ದನ್ನೂ ಹೋದದ್ದನ್ನೂ ಗಮನಿಸುವುದಿಲ್ಲ. ಸೈಕಲ್ ತುಳಿಯುವವರ ಕಥೆ ಬೇರೆ. ಬಯಲು ಎಲ್ಲಿ ಮುಗಿಯಿತು, ಮಲೆನಾಡು ಎಲ್ಲಿ ಶುರುವಾಯಿತು ಎಂಬುದನ್ನು ನಕಾಶೆಗಿಂತ ಖಚಿತವಾಗಿ ಅವರ ತೊಡೆಗಳು ಹೇಳುತ್ತವೆ, ಮತ್ತು ಅದು ಹೆಚ್ಚುಕಡಿಮೆ ಆಯನೂರಿನಿಂದ ಕುಂಸಿಯವರೆಗಿನ ಈ ತುಂಡಿನಲ್ಲೇ.

ಮಲೆನಾಡಿನ ಸೈಕಲ್ ಸವಾರಿ ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಆಗುಂಬೆ, ಹುಲಿಕಲ್, ಕೊಲ್ಲೂರಿನ ಘಾಟಿಗಳು. ಅವು ಕಠಿಣವೇ. ಆದರೆ ಈ ಸೀಮೆಯ ನಿಜವಾದ ಪರೀಕ್ಷೆ ಘಾಟಿಯ ಮೇಲಿನ ನಾಡಿನಲ್ಲಿದೆ: ಹೆಸರಿಲ್ಲದ, ಫಲಕವಿಲ್ಲದ, ಒಂದರ ಹಿಂದೊಂದು ಬರುವ ಪುಟ್ಟ ದಿಬ್ಬಗಳಲ್ಲಿ.

ನದಿಯ ಜೊತೆ ಹೋಗುವ ದಾರಿ, ನದಿಯನ್ನು ಕಡಿಯುವ ದಾರಿ

ಶಿವಮೊಗ್ಗದಿಂದ ಪಶ್ಚಿಮಕ್ಕೆ ಹೊರಡುವ ದೊಡ್ಡ ರಸ್ತೆಗಳು ಎರಡು. ಒಂದು ತುಂಗೆಯ ಪಕ್ಕದಲ್ಲಿ ಗಾಜನೂರು, ಸಕ್ರೆಬೈಲು, ಮಂಡಗದ್ದೆಗಳ ಮೂಲಕ ತೀರ್ಥಹಳ್ಳಿಗೆ ಹೋಗುತ್ತದೆ. ಇನ್ನೊಂದು ಆಯನೂರು, ಕುಂಸಿ, ಚೋರಡಿ, ಆನಂದಪುರಗಳ ಮೂಲಕ ಸಾಗರಕ್ಕೆ. ದೂರ 60 ಕಿ.ಮೀ. ಮತ್ತು 70 ಕಿ.ಮೀ. ಆಸುಪಾಸು. ಎರಡರಲ್ಲೂ ಕಾಡಿದೆ, ಎರಡರಲ್ಲೂ ಅಡಿಕೆ ತೋಟವಿದೆ. ತುಳಿದರೆ ಮಾತ್ರ ಎರಡೂ ಬೇರೆ ಬೇರೆ ದೇಶ.

ತೀರ್ಥಹಳ್ಳಿ ರಸ್ತೆ ಬಹುಪಾಲು ನದಿಯ ಜೊತೆಗೇ ಮೇಲೇರುತ್ತದೆ. ನೀರು ಯಾವತ್ತೂ ಸುಲಭದ ಇಳಿಜಾರನ್ನೇ ಹುಡುಕಿಕೊಳ್ಳುತ್ತದೆ, ಅದರ ದಡ ಹಿಡಿದ ರಸ್ತೆಗೂ ಆ ಅನುಕೂಲದ ಪಾಲು ಸಿಗುತ್ತದೆ. ಏರು ಇದೆ, ಆದರೆ ನಿಧಾನದ ಏರು. ಸಾಗರ ರಸ್ತೆಗೆ ಅಂಥ ಭಾಗ್ಯವಿಲ್ಲ. ಅದು ಯಾವ ಹೊಳೆಯ ಜೊತೆಗೂ ಹೋಗುವುದಿಲ್ಲ, ಎದುರಾದ ಹಳ್ಳಕೊಳ್ಳಗಳನ್ನೆಲ್ಲ ಅಡ್ಡ ಕಡಿದುಕೊಂಡು ಸಾಗುತ್ತದೆ. ಪ್ರತಿ ಹಳ್ಳಕ್ಕೂ ಇಳಿಯಬೇಕು, ಮೋರಿ ದಾಟಬೇಕು, ಮತ್ತೆ ಹತ್ತಬೇಕು.

ಲೆಕ್ಕ ಹಾಕಿದರೆ ವಿಚಿತ್ರ ತಿಳಿಯುತ್ತದೆ. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿದೆ, ಸಾಗರ ಸುಮಾರು 600 ಮೀಟರ್. ಹೊರಟ ಊರಿಗೂ ತಲುಪಿದ ಊರಿಗೂ ಮೂವತ್ತು ಮೀಟರ್ ವ್ಯತ್ಯಾಸ. ಆದರೆ ನಡುವೆ ತಲಾ 20 ಮೀಟರಿನ ಮೂವತ್ತು ದಿಬ್ಬಗಳಿವೆ ಎಂದು ಇಟ್ಟುಕೊಂಡರೆ ಏರಿದ ಒಟ್ಟು ಎತ್ತರ 600 ಮೀಟರ್ ಆಯಿತು. ಸೋಮೇಶ್ವರದಿಂದ ಆಗುಂಬೆಗೆ ಹದಿನಾಲ್ಕು ತಿರುವುಗಳಲ್ಲಿ ಹತ್ತುವ ಎತ್ತರ ಐನೂರು ಮೀಟರಿನ ಸುತ್ತಮುತ್ತ. ಅಂದರೆ ಘಾಟಿಯೊಂದನ್ನು ಚೂರುಚೂರು ಮಾಡಿ ಎಪ್ಪತ್ತು ಕಿಲೋಮೀಟರಿಗೆ ಹರಡಿದಂತೆ. ಸವಾರರ ಭಾಷೆಯಲ್ಲಿ ಇದು ‘ರೋಲಿಂಗ್’ ರಸ್ತೆ. ಘಾಟಿ ಹತ್ತಿದವನಿಗೆ ತುದಿಯಲ್ಲಿ ಒಂದು ಚಹಾ ಅಂಗಡಿಯೂ ಒಂದು ಫೋಟೋವೂ ಸಿಗುತ್ತವೆ. ಕುಂಸಿ ದಾರಿಯಲ್ಲಿ ಹತ್ತಿದವನಿಗೆ ಮುಂದಿನ ಇಳಿಜಾರು ಮತ್ತು ಅದರಾಚೆಯ ದಿಬ್ಬ ಸಿಗುತ್ತವೆ, ಅಷ್ಟೇ.

ಇದು ನಮ್ಮೂರಿನ ವಿಶೇಷವೇನಲ್ಲ. ಜಗತ್ತಿನ ಅತಿ ಹಳೆಯ ದೀರ್ಘ ಸೈಕಲ್ ಸವಾರಿಗಳಲ್ಲಿ ಒಂದಾದ ಪ್ಯಾರಿಸ್–ಬ್ರೆಸ್ತ್–ಪ್ಯಾರಿಸ್ 1891ರಲ್ಲಿ ಮೊದಲ ಬಾರಿ ನಡೆಯಿತು. ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ಫ್ರಾನ್ಸಿನ ಆ ಭಾಗದಲ್ಲಿ ಆಲ್ಪ್ಸ್ ಇಲ್ಲ, ಪಿರೆನೀಸ್ ಇಲ್ಲ, ದಾರಿ ಎಲ್ಲಿಯೂ ನಾನೂರು ಮೀಟರ್ ಎತ್ತರವನ್ನು ಮುಟ್ಟುವುದೂ ಇಲ್ಲ. ಆದರೂ 1200 ಕಿ.ಮೀ. ಮುಗಿಯುವ ಹೊತ್ತಿಗೆ ಸವಾರ ಹತ್ತಿದ ಒಟ್ಟು ಎತ್ತರ ಹತ್ತು ಸಾವಿರ ಮೀಟರ್ ದಾಟಿರುತ್ತದೆ. ಎಲ್ಲವೂ ಹೆಸರಿಲ್ಲದ ದಿಬ್ಬಗಳ ಲೆಕ್ಕ.

ನೆಲ ಹೀಗೇಕೆ?

ಕುಂಸಿಯ ಸುತ್ತಲಿನ ನೆಲ ಧಾರವಾಡ ಶಿಲಾವರ್ಗಕ್ಕೆ ಸೇರಿದ ಶಿವಮೊಗ್ಗ ಪಟ್ಟಿಯದು. ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯ, ಮಡಿಕೆ ಬಿದ್ದ ಪದರಶಿಲೆಗಳು. ಇವುಗಳಲ್ಲಿ ಗಟ್ಟಿ ಪದರಗಳು ಗುಡ್ಡದ ಸಾಲುಗಳಾಗಿ ನಿಂತಿವೆ, ಮೆದು ಪದರಗಳನ್ನು ಮಳೆನೀರು ಕೊರೆದು ಕಣಿವೆ ಮಾಡಿದೆ. ಗುಡ್ಡಗಳಲ್ಲಿ ಬರಿ ಕಲ್ಲಿಲ್ಲ. ಕಳೆದ ಶತಮಾನದ ಆರಂಭದ ದಶಕಗಳಲ್ಲಿ ಕುಂಸಿ ಭೂವಿಜ್ಞಾನಿಗಳಿಗೆ ಪರಿಚಿತವಾಗಿದ್ದುದೇ ಮ್ಯಾಂಗನೀಸ್ ಅದಿರಿನಿಂದ. ಇಲ್ಲಿಂದ ಆಗ್ನೇಯಕ್ಕೆ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿದ ಮೈಸೂರು ಸಂಸ್ಥಾನದ ಕಾರ್ಖಾನೆಗೂ ಅದಿರು ಇಂಥದೇ ಪುರಾತನ ಗುಡ್ಡಗಳಿಂದ, ಬಾಬಾಬುಡನ್ ಸಾಲಿನ ಕೆಮ್ಮಣ್ಣುಗುಂಡಿಯಿಂದ, ಬರುತ್ತಿತ್ತು. ಆ ಊರಿನ ಒಂದು ತಲೆಮಾರು ಕಾರ್ಖಾನೆಯ ಪಾಳಿಗೆ ಸೈಕಲ್ಲಿನಲ್ಲೇ ಹೋಗಿಬರುತ್ತಿತ್ತು ಎಂಬುದನ್ನು ಈಗಿನ ಕಾರ್ಬನ್ ಸೈಕಲ್ಲಿನವರಿಗೆ ನೆನಪಿಸಬೇಕು. ಭದ್ರಾವತಿ ಸಮತಟ್ಟಾದ ಊರು, ಅದಕ್ಕೆ ನಡೆಯಿತು.

ಮೇಲ್ಪದರದಲ್ಲಿ ಎಲ್ಲೆಡೆ ಕೆಂಪು ಜಂಬಿಟ್ಟಿಗೆ. ರಸ್ತೆಯ ಅಂಚಿನ ಮಣ್ಣು ಬೇಸಿಗೆಯಲ್ಲಿ ಸಣ್ಣ ಉರುಟು ಹರಳಾಗಿ ಉದುರುತ್ತದೆ, ಮಳೆಗಾಲದಲ್ಲಿ ಜಾರು ಮೆತ್ತೆಯಾಗುತ್ತದೆ. ಎರಡೂ ಸೈಕಲ್ಲಿನ ಶತ್ರುಗಳು. ಲಾರಿಗೆ ದಾರಿ ಬಿಡಲು ಡಾಂಬರಿನಿಂದ ಕೆಳಗಿಳಿದ ಮುಂಗಾಲಿ ಜಾರುವುದು ಇಲ್ಲಿಯೇ.

ಕುಮುದ್ವತಿ ಮತ್ತು ಕಾಣದ ಗಡಿ

ಕುಂಸಿ ದಾಟಿ ಐದಾರು ಕಿ.ಮೀ. ಹೋದರೆ ಚೋರಡಿ. ಅಲ್ಲಿ ರಸ್ತೆ ಕುಮುದ್ವತಿ ಹೊಳೆಯನ್ನು ದಾಟುತ್ತದೆ. ಹೊಸನಗರ ತಾಲ್ಲೂಕಿನ ಹುಂಚದ ಬಳಿ ಹುಟ್ಟುವ ಈ ಹೊಳೆ ಉತ್ತರಕ್ಕೆ ಹರಿದು, ಶಿಕಾರಿಪುರದ ಬಳಿ ಅಂಜನಾಪುರ ಜಲಾಶಯವನ್ನು ತುಂಬಿಸಿ, ಮಾಸೂರಿನ ಮದಗದ ಕೆರೆಯನ್ನು ಹಾದು, ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಬೇಸಿಗೆಯಲ್ಲಿ ನೋಡಿದರೆ ಇದಕ್ಕೇಕೆ ಇಷ್ಟು ದೊಡ್ಡ ಸೇತುವೆ ಅನ್ನಿಸುತ್ತದೆ. ಆಷಾಢದಲ್ಲಿ ನೋಡಿದರೆ ಆ ಪ್ರಶ್ನೆ ಬರುವುದಿಲ್ಲ.

ಚೋರಡಿಯಿಂದ ಮುಂದೆ ಆನಂದಪುರ, ಸಾಗರಗಳ ಕಡೆ ಸಾಗುವಾಗ ಸವಾರ ತನಗೆ ತಿಳಿಯದೆಯೇ ಒಂದು ದೊಡ್ಡ ಗಡಿಯನ್ನು ದಾಟುತ್ತಾನೆ. ಕುಮುದ್ವತಿಯ ನೀರು ತುಂಗಭದ್ರೆ, ಕೃಷ್ಣೆಗಳ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅದರಾಚೆಯ ಹಲವು ಹಳ್ಳಗಳ ನೀರು ಶರಾವತಿಗೆ ಇಳಿದು, ಜೋಗದಲ್ಲಿ 253 ಮೀಟರ್ ಧುಮುಕಿ, ಹೊನ್ನಾವರದಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಉಪಖಂಡದ ನೀರನ್ನು ಎರಡಾಗಿ ಹಂಚುವ ಈ ಏಣು ಇಲ್ಲಿ ಶಿಖರವಾಗಿಲ್ಲ, ಕಣಿವೆಯಂಚಿನ ಬಂಡೆಯೂ ಅಲ್ಲ. ಶುಂಠಿ ಹೊಲ, ನೀಲಗಿರಿ ನೆಡುತೋಪುಗಳ ನಡುವೆ ಬರುವ ಇನ್ನೊಂದು ದಿಬ್ಬ. ಗಮ್ಮತ್ತೆಂದರೆ ಸಾಗರದ ಬಳಿಯ ವರದಾಮೂಲದಲ್ಲಿ ಹುಟ್ಟುವ ವರದಾ ನದಿ ಮತ್ತೆ ಪೂರ್ವದ ಕಡೆಗೇ ತಿರುಗಿ ತುಂಗಭದ್ರೆಗೆ ಹೋಗುತ್ತದೆ. ಶಿವಮೊಗ್ಗದಲ್ಲಿ ತುಂಗೆಯನ್ನು ಬಿಟ್ಟು ಹೊರಟವನು ಒಂದೇ ದಿನದಲ್ಲಿ ಕುಮುದ್ವತಿ, ಶರಾವತಿ, ವರದೆಯರ ಸೀಮೆಗಳನ್ನು ತುಳಿದಿರುತ್ತಾನೆ. ಗಂಟೆಗೆ ಎಂಬತ್ತರ ವೇಗದಲ್ಲಿ ಇದರ ಸುಳಿವೂ ಸಿಗದು.

ರಸ್ತೆ, ರೈಲು

ಈ ರಸ್ತೆಗೆ ಶಿವಮೊಗ್ಗದವರು ಇಟ್ಟಿರುವ ಹೆಸರು ಬಿ.ಎಚ್. ರಸ್ತೆ, ಅಂದರೆ ಬೆಂಗಳೂರು–ಹೊನ್ನಾವರ ರಸ್ತೆ. ಬಹುಕಾಲ ರಾಷ್ಟ್ರೀಯ ಹೆದ್ದಾರಿ 206 ಆಗಿದ್ದದ್ದು ಮರುಸಂಖ್ಯೆಯಲ್ಲಿ 69 ಆಯಿತು. ನಗರದಿಂದ ಹತ್ತು ಕಿ.ಮೀ. ಹೋಗುವಷ್ಟರಲ್ಲಿ 1988ರಲ್ಲಿ ಆರಂಭವಾದ ತ್ಯಾವರೆಕೊಪ್ಪದ ಹುಲಿ–ಸಿಂಹಧಾಮ ಸಿಗುತ್ತದೆ. ಬೆಳಗಿನ ಜಾವ ಆ ದಾರಿಯಲ್ಲಿ ಹೋದವರಿಗೆ ಸಿಂಹದ ಗರ್ಜನೆ ಕೇಳಿಸಿದರೆ ಅಚ್ಚರಿಪಡಬೇಕಿಲ್ಲ, ಅದು ಬೇಲಿಯೊಳಗಿನದು.

ರಸ್ತೆಗೆ ಜೊತೆಯಾಗಿ ರೈಲು ಹಳಿಯಿದೆ. ಶಿವಮೊಗ್ಗದವರೆಗೆ ಬಂದಿದ್ದ ಮೀಟರ್‌ಗೇಜ್ ಹಳಿ 1930ರ ದಶಕದಲ್ಲಿ ಹಂತಹಂತವಾಗಿ ಕುಂಸಿ, ಅರಸಾಳು, ಆನಂದಪುರ, ಸಾಗರಗಳ ಮೂಲಕ ತಾಳಗುಪ್ಪದ ಕಡೆಗೆ ಬೆಳೆಯಿತು. ರೈಲಿಗೆ ದಿಬ್ಬ ಹತ್ತುವುದು ಸೈಕಲ್ಲಿಗಿಂತಲೂ ಕಷ್ಟ. ಆದ್ದರಿಂದ ಹಳಿ ಹಾಕಿದವರು ದಿಬ್ಬವನ್ನು ಕಡಿದರು, ಹಳ್ಳಕ್ಕೆ ಏರಿ ಹಾಕಿದರು, ಬೇಕಾದಲ್ಲಿ ಸುತ್ತಿಬಳಸಿ ಹೋದರು. ರಸ್ತೆ ಮಾಡಿದವರು ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ಎತ್ತಿನ ಗಾಡಿ ಹತ್ತಿದ್ದೇ ದಾರಿ. ಹಳಿಯೂ ರಸ್ತೆಯೂ ಹತ್ತಿರ ಬಂದ ಕಡೆ ನಿಂತು ನೋಡಿದರೆ ಎರಡು ಬಗೆಯ ಎಂಜಿನಿಯರಿಂಗ್ ಒಟ್ಟಿಗೆ ಕಾಣುತ್ತದೆ.

ಕುಂಸಿಯ ಮುಂದಿನ ನಿಲ್ದಾಣ ಅರಸಾಳು. ಶಂಕರ್ ನಾಗ್ 1980ರ ದಶಕದಲ್ಲಿ ಆರ್.ಕೆ. ನಾರಾಯಣರ ಕಥೆಗಳನ್ನು ‘ಮಾಲ್ಗುಡಿ ಡೇಸ್’ ಧಾರಾವಾಹಿಯಾಗಿಸಿದಾಗ ಮಾಲ್ಗುಡಿಯ ರೈಲು ನಿಲ್ದಾಣವಾಗಿ ತೋರಿಸಿದ್ದು ಇದನ್ನೇ. ಹಳೆಯ ಕಟ್ಟಡ 2020ರಲ್ಲಿ ವಸ್ತುಸಂಗ್ರಹಾಲಯವಾಯಿತು. ಕುಂಸಿಯವರೆಗೆ ಬಂದು ಇನ್ನೂ ಕಾಲಲ್ಲಿ ಬಲ ಉಳಿದವರು ಅಲ್ಲಿಗೆ ಹೋಗಬಹುದು. ಅಲ್ಲಿಂದ ಮುಂದೆ ವೈಸ್‌ರಾಯ್ ರಿಪ್ಪನ್ ಹೆಸರು ಹೊತ್ತ ರಿಪ್ಪನ್‌ಪೇಟೆ, ಹೊಸನಗರ. ಹೆದ್ದಾರಿಯ ಲಾರಿಗಳಿಂದ ಬಿಡುಗಡೆ ಬೇಕೆಂದರೆ ಈ ಒಳರಸ್ತೆಗಳೇ ಮೇಲು.

ಗೇರು ಮತ್ತು ಬಲದ ಲೆಕ್ಕ

ದಿಬ್ಬದಲ್ಲಿ ಏನಾಗುತ್ತದೆ ಎಂಬುದು ಸರಳ ಗಣಿತ. ಸವಾರ, ಸೈಕಲ್ಲು, ನೀರು, ಚೀಲ ಸೇರಿ 90 ಕಿಲೋ ಎಂದಿಟ್ಟುಕೊಳ್ಳೋಣ. ನೂರು ಮೀಟರಿಗೆ ಐದು ಮೀಟರ್ ಏರುವ ದಿಬ್ಬವನ್ನು ಗಂಟೆಗೆ 10 ಕಿ.ಮೀ. ವೇಗದಲ್ಲಿ ಹತ್ತಬೇಕಾದರೆ ಗುರುತ್ವವನ್ನು ಗೆಲ್ಲುವುದಕ್ಕೇ 120 ವ್ಯಾಟ್‌ನಷ್ಟು ಶಕ್ತಿ ಬೇಕು. ಸಮತಟ್ಟಿನಲ್ಲಿ ಇದರ ಅರ್ಧಕ್ಕಿಂತ ತುಸು ಹೆಚ್ಚು ಶಕ್ತಿಗೆ ಸೈಕಲ್ಲು ಗಂಟೆಗೆ 18ರಿಂದ 20 ಕಿ.ಮೀ. ಓಡುತ್ತದೆ. ದಿಬ್ಬದಲ್ಲಿ ದುಪ್ಪಟ್ಟು ದುಡಿದು ಅರ್ಧ ವೇಗ.

ಊರಿನ ಕಪ್ಪು ಸೈಕಲ್ಲಿಗೆ ಮುಂದೆ 44 ಹಲ್ಲು, ಹಿಂದೆ 18 ಹಲ್ಲು ಇರುವುದು ವಾಡಿಕೆ. ಪೆಡಲ್ ಒಂದು ಸುತ್ತು ಬಂದರೆ ಸೈಕಲ್ಲು ಸುಮಾರು 5.4 ಮೀಟರ್ ಮುಂದೆ ಹೋಗುತ್ತದೆ. ಗಂಟೆಗೆ 10 ಕಿ.ಮೀ. ವೇಗದಲ್ಲಿ ದಿಬ್ಬ ಹತ್ತುವಾಗ ಕಾಲು ನಿಮಿಷಕ್ಕೆ ಮೂವತ್ತೊಂದು ಸುತ್ತು ಮಾತ್ರ ತಿರುಗುತ್ತದೆ. ಪ್ರತಿ ತುಳಿತಕ್ಕೂ ಮೈಭಾರ ಪೂರ್ತಿ ಹಾಕಬೇಕು, ಮಂಡಿ ನರಳುತ್ತದೆ. ಗೇರಿನ ರೋಡ್ ಬೈಕಿನಲ್ಲಿ ಮುಂದೆ 34, ಹಿಂದೆ 32 ಹಲ್ಲಿಗೆ ಬದಲಿಸಿಕೊಂಡರೆ ಸುತ್ತಿಗೆ 2.2 ಮೀಟರ್. ಅದೇ ವೇಗಕ್ಕೆ ನಿಮಿಷಕ್ಕೆ ಎಪ್ಪತ್ತೈದು ಸುತ್ತು, ಪ್ರತಿ ತುಳಿತ ಹಗುರ. ಒಟ್ಟು ಕೆಲಸ ಒಂದೇ, ಕಂತು ಬೇರೆ. ಗೇರು ಎಂದರೆ ವೇಗಕ್ಕೆ ಎಂದುಕೊಂಡವರು ಬಹಳ. ಮಲೆನಾಡಿನಲ್ಲಿ ಅದು ಮಂಡಿ ಉಳಿಸಿಕೊಳ್ಳುವುದಕ್ಕೆ.

ಗೇರಿಲ್ಲದ ಸೈಕಲ್ಲಿನಲ್ಲಿ ದಿಬ್ಬ ಬಂದಾಗ ಇಳಿದು ತಳ್ಳಿಕೊಂಡು ಹೋಗುವುದು ಈ ಭಾಗದ ಮಕ್ಕಳಿಗೆ ಚೆನ್ನಾಗಿ ಗೊತ್ತು. 2006–07ರಲ್ಲಿ ಅಂದಿನ ಉಪಮುಖ್ಯಮಂತ್ರಿಯೂ ಹಣಕಾಸು ಸಚಿವರೂ ಆಗಿದ್ದ ಬಿ.ಎಸ್. ಯಡಿಯೂರಪ್ಪನವರ ಬಜೆಟ್ಟಿನಿಂದ ಹೈಸ್ಕೂಲು ಮಕ್ಕಳಿಗೆ ಉಚಿತ ಸೈಕಲ್ ಯೋಜನೆ ಬಂತು. ಅವರ ಕ್ಷೇತ್ರ ಶಿಕಾರಿಪುರ ಕುಂಸಿಯ ನೆರೆ ಸೀಮೆ. ಎಂಟನೇ ತರಗತಿಯ ಮಕ್ಕಳಿಗೆ ಕೊಡುತ್ತಿದ್ದ ಆ ಗಟ್ಟಿಮುಟ್ಟು ಸೈಕಲ್ಲುಗಳು ಕೊರೊನಾ ಕಾಲದಲ್ಲಿ ನಿಂತುಹೋಗುವವರೆಗೂ ರಾಜ್ಯದ ಹಳ್ಳಿರಸ್ತೆಗಳ ಬೆಳಗಿನ ನೋಟವನ್ನೇ ಬದಲಿಸಿದ್ದವು. ಬಯಲುಸೀಮೆಯ ಹುಡುಗಿಗೂ ಮಲೆನಾಡಿನ ಹುಡುಗಿಗೂ ಕೊಟ್ಟದ್ದು ಒಂದೇ ಸೈಕಲ್ಲು. ನೆಲ ಒಂದೇ ಆಗಿರಲಿಲ್ಲ. ರಾಜ್ಯದ ಸ್ಪರ್ಧಾತ್ಮಕ ಸೈಕ್ಲಿಂಗಿನ ತವರು ವಿಜಯಪುರ, ಬಾಗಲಕೋಟೆ ಆಗಿರುವುದರಲ್ಲೂ ನೆಲದ ಪಾಲು ಸ್ವಲ್ಪ ಇದ್ದೀತು ಎಂದು ನನ್ನ ಗುಮಾನಿ.

ಬೈಸಿಕಲ್ಲು ಮಲೆನಾಡಿನ ಹಾದಿಗೆ ಮೊದಲು ಬಂದಾಗಿನ ಬೆರಗು, ಭಯ, ನಗೆಪಾಟಲು ಇವೆಲ್ಲ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿವೆ. ಕಥೆ ನಡೆಯುವುದು ತೀರ್ಥಹಳ್ಳಿ ಸೀಮೆಯಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಆ ಕಾಲುದಾರಿಗಳಲ್ಲಿ ಬೈಸಿಕಲ್ ಓಡಿಸಿದವರ ಧೈರ್ಯವನ್ನು ಇಂದು 28 ಮಿಲಿಮೀಟರ್ ಟಯರಿನ ಮೇಲೆ ಕೂತವರು ಅಳೆಯುವುದು ಕಷ್ಟ.

ದಿಬ್ಬ ಹತ್ತುವ ರೀತಿ

ಏರಿಳಿತದ ರಸ್ತೆಯಲ್ಲಿ ಹೊಸಬರು ಸಾಮಾನ್ಯವಾಗಿ ಮಾಡುವುದು ಇಳಿಜಾರಿನಲ್ಲಿ ಪೂರ್ತಿ ವಿಶ್ರಾಂತಿ, ಏರಿನಲ್ಲಿ ಪೂರ್ತಿ ಗುದ್ದಾಟ. ಮೊದಲ ಹತ್ತು ದಿಬ್ಬಕ್ಕೆ ಇದು ನಡೆಯುತ್ತದೆ. ಪಳಗಿದವರು ಇಳಿಜಾರಿನ ಕೊನೆಯ ಭಾಗದಲ್ಲಿ ತುಳಿಯಲು ಶುರು ಮಾಡಿ, ಬಂದ ಓಟವನ್ನೇ ಮುಂದಿನ ಏರಿನ ಮೊದಲ ಮೂರನೇ ಒಂದು ಭಾಗಕ್ಕೆ ಬಳಸಿಕೊಳ್ಳುತ್ತಾರೆ. ಓಟ ಸತ್ತ ಮೇಲೆ ಗೇರು ಇಳಿಸುವುದಲ್ಲ, ಸಾಯುವ ಮೊದಲೇ ಇಳಿಸಬೇಕು. ಭಾರ ಬಿದ್ದ ಚೈನು ಹಲ್ಲು ಬದಲಿಸುವಾಗ ಕಚ್ಚಿಕೊಳ್ಳುತ್ತದೆ, ಕೆಲವೊಮ್ಮೆ ಕಡಿಯುತ್ತದೆ. ಏರಿನಲ್ಲಿ ಮಾತಾಡಲು ಉಸಿರು ಉಳಿದಿದ್ದರೆ ವೇಗ ಸರಿಯಾಗಿದೆ.

ಕುಂಸಿ ದಾರಿಯಲ್ಲಿ ಈ ಜಾಣತನಕ್ಕೆ ಒಂದು ಅಡ್ಡಿಯಿದೆ. ಹಳ್ಳಿಗಳು ಹೆಚ್ಚಾಗಿ ತಗ್ಗಿನಲ್ಲಿ, ನೀರಿನ ಹತ್ತಿರ. ರಸ್ತೆ ಉಬ್ಬುಗಳೂ ಅಲ್ಲಿಯೇ. ಇಳಿಜಾರಿನಲ್ಲಿ ಕೂಡಿಟ್ಟ ಓಟವನ್ನೆಲ್ಲ ಬ್ರೇಕಿಗೆ ಸುರಿದು, ಶೂನ್ಯದಿಂದ ಮತ್ತೆ ಹತ್ತಬೇಕು. ಇದರಲ್ಲಿ ಜಗಳಕ್ಕೆ ಅವಕಾಶವಿಲ್ಲ. ಉಬ್ಬು ಇರುವುದು ಶಾಲೆಮಕ್ಕಳಿಗಾಗಿ.

ಊಟದ ವಿಷಯ. ದಿಬ್ಬದ ರಸ್ತೆಯಲ್ಲಿ ಒಂದು ಗಂಟೆ ತುಳಿದರೆ 400ರಿಂದ 600 ಕಿಲೋ ಕ್ಯಾಲರಿ ಖರ್ಚು. ಮೈಯಲ್ಲಿ ಸಕ್ಕರೆಯ ರೂಪದಲ್ಲಿ ದಾಸ್ತಾನಿರುವುದು ಎರಡು ಸಾವಿರದ ಸುತ್ತಮುತ್ತ. ಹಾಗಾಗಿ ಏನೂ ತಿನ್ನದೆ ಹೊರಟವನ ಕಾಲು ಮೂರು–ನಾಲ್ಕು ಗಂಟೆಗೆ ಮುಷ್ಕರ ಹೂಡುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಹಸಿವಾಗುವ ಮೊದಲೇ, ಗಂಟೆಗೆ ಮೂವತ್ತರಿಂದ ಅರವತ್ತು ಗ್ರಾಂ ಪಿಷ್ಟ ಹೊಟ್ಟೆಗೆ ಬೀಳಬೇಕು. ಒಂದು ಬಾಳೆಹಣ್ಣು ಸುಮಾರು 25 ಗ್ರಾಂ. ಬಣ್ಣದ ಪೊಟ್ಟಣದ ಜೆಲ್ ಇಲ್ಲಿ ಬೇಕಿಲ್ಲ; ಬೆಲ್ಲ ಕಲಸಿದ ಅವಲಕ್ಕಿ, ಪುಟ್ಟಬಾಳೆ, ಎಳನೀರು ಎಲ್ಲವೂ ರಸ್ತೆಬದಿಯಲ್ಲೇ ಸಿಗುತ್ತವೆ. ಬೆವರಿನಲ್ಲಿ ಹೋದ ಉಪ್ಪಿಗೆ ಮಜ್ಜಿಗೆ. ಬರಿ ನೀರನ್ನೇ ಸುರಿದುಕೊಂಡರೆ ತಲೆನೋವು ಬರಬಹುದು.

ಕಾಲ, ಮಳೆ, ಗಾಳಿ

ಶಿವಮೊಗ್ಗ ನಗರದಲ್ಲಿ ವರ್ಷಕ್ಕೆ ಬೀಳುವ ಮಳೆ ಸಾವಿರ ಮಿಲಿಮೀಟರ್ ಆಸುಪಾಸು. ನೂರು ಕಿಲೋಮೀಟರಿಗೂ ಕಡಿಮೆ ದೂರದ ಆಗುಂಬೆಯಲ್ಲಿ ಸರಾಸರಿ ಏಳು ಸಾವಿರ ದಾಟುತ್ತದೆ. ಕುಂಸಿ ಈ ಮೆಟ್ಟಿಲುಗಳ ಕೆಳಗಿನ ಹಂತದಲ್ಲಿದೆ. ಜೂನ್, ಜುಲೈ ತಿಂಗಳಲ್ಲಿ ನಗರದಲ್ಲಿ ತುಂತುರು ಇದೆ ಎಂದು ಹೊರಟವರಿಗೆ ಆನಂದಪುರದ ಹೊತ್ತಿಗೆ ಜಡಿಮಳೆ ಸಿಗಬಹುದು. ಮಳೆಗಾಲದ ಗಾಳಿ ಪಶ್ಚಿಮದಿಂದ. ಸಾಗರಕ್ಕೆ ಹೋಗುವಾಗ ಎದೆಗೆ, ಬರುವಾಗ ಬೆನ್ನಿಗೆ.

ಒದ್ದೆ ರಿಮ್ಮಿನ ಮೇಲೆ ರಬ್ಬರ್ ಬ್ರೇಕು ಮೊದಲ ಒಂದೆರಡು ಸುತ್ತು ನೀರು ಒರೆಸುವುದರಲ್ಲೇ ಕಳೆಯುತ್ತದೆ, ಹಿಡಿಯುವುದು ಆಮೇಲೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಇಳಿಯುವ ಸೈಕಲ್ಲು ಒಂದು ಸೆಕೆಂಡಿಗೆ 11 ಮೀಟರ್ ಹೋಗಿರುತ್ತದೆ. ಘಾಟಿ ತಿರುವಿನಲ್ಲಿ 11 ಮೀಟರ್ ಬಹಳ ದೊಡ್ಡದು. ಡಿಸ್ಕ್ ಬ್ರೇಕು ಮಲೆನಾಡಿನಲ್ಲಿ ಶೋಕಿಯಲ್ಲ.

ಒಳ್ಳೆಯ ಕಾಲ ಅಕ್ಟೋಬರಿನಿಂದ ಫೆಬ್ರುವರಿ. ಮಂಜಿನ ಬೆಳಗು, ಹಸಿರು ಇನ್ನೂ ಆರದ ಗುಡ್ಡ. ಆದರೆ ಇದೇ ಕಾಲಕ್ಕೆ ಸುಗ್ಗಿ. ಆಯನೂರು, ಶಿಕಾರಿಪುರ ಕಡೆಯ ರಸ್ತೆಗಳ ಅರ್ಧ ಭಾಗ ಮೆಕ್ಕೆಜೋಳ ಒಣಗಿಸುವ ಕಣವಾಗುತ್ತದೆ. ಡಾಂಬರಿನ ಮೇಲೆ ಚೆಲ್ಲಿದ ಜೋಳದ ಕಾಳು ಸಣ್ಣ ಟಯರಿನ ಕೆಳಗೆ ಬಾಲ್‌ಬೇರಿಂಗಿನಂತೆ ಉರುಳುತ್ತದೆ. ಹುಲ್ಲು ಹಾಸಿದ ಕಡೆ ಎಳೆಗಳು ಚೈನಿಗೂ ಹಿಂದಿನ ಹಲ್ಲಿಗೂ ಸುತ್ತಿಕೊಳ್ಳುತ್ತವೆ. ರೈತನಿಗೆ ಬೇರೆ ಕಣವಿಲ್ಲ, ಸವಾರನಿಗೆ ಬೇರೆ ರಸ್ತೆಯಿಲ್ಲ. ನಿಧಾನಿಸುವುದು ಸವಾರನ ಕೆಲಸ.

ಕಾಡಿನ ಎಚ್ಚರ

ಕುಂಸಿಯ ದಕ್ಷಿಣಕ್ಕೆ ಶೆಟ್ಟಿಹಳ್ಳಿ ವನ್ಯಧಾಮ. 1974ರಲ್ಲಿ ಘೋಷಣೆಯಾದ ಇದರ ವಿಸ್ತಾರ ಸುಮಾರು 395 ಚದರ ಕಿ.ಮೀ. ಆಯನೂರಿನಿಂದ ಹಣಗೆರೆಕಟ್ಟೆಯ ಮೂಲಕ ತೀರ್ಥಹಳ್ಳಿಗೆ ಹೋಗುವ ದಾರಿ ಈ ಕಾಡಿನ ನೆರಳಲ್ಲೇ ಸಾಗುತ್ತದೆ. ದೈವದ ಗುಡಿಯೂ ದರ್ಗಾವೂ ಒಂದೇ ಸೂರಿನಡಿ ಇರುವ ಹಣಗೆರೆಕಟ್ಟೆಗೆ ಹರಕೆಯವರ ದಟ್ಟಣೆ ಇರುವ ದಿನ ಬಿಟ್ಟರೆ ರಸ್ತೆ ಖಾಲಿ. ಸವಾರಿಗೆ ಇಷ್ಟು ಸೊಗಸಾದ ದಾರಿ ಸುತ್ತಮುತ್ತ ಇನ್ನೊಂದಿಲ್ಲ. ಆದರೆ ಇಲ್ಲಿ ಆನೆಗಳಿವೆ. ಸಕ್ರೆಬೈಲಿನ ಬಿಡಾರದಲ್ಲಿ ಸ್ನಾನ ಮಾಡಿಸಿಕೊಳ್ಳುವ ಸಾಧು ಆನೆಗಳಲ್ಲ, ಕಾಡಾನೆಗಳು. ಸೈಕಲ್ಲಿಗೆ ಸದ್ದಿಲ್ಲ, ಆನೆಗೆ ನೀವು ಬಂದದ್ದು ತಿಳಿಯುವ ಹೊತ್ತಿಗೆ ತೀರ ಹತ್ತಿರ ಇರುತ್ತೀರಿ. ನಸುಕು, ಮುಸ್ಸಂಜೆ ಎರಡೂ ಬೇಡ. ಬಿಸಿಲು ಏರಿದ ಮೇಲೆ ಹೋಗಿ, ತಿರುವಿಗೆ ಮುನ್ನ ಗಂಟೆ ಬಾರಿಸಬೇಕು.

ಆನೆಗಿಂತ ಹೆಚ್ಚು ಜನರನ್ನು ಕಾಡಿರುವ ಜೀವಿ ಉಣುಗು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಾದ ಮಂಗನ ಕಾಯಿಲೆ ಉಣುಗಿನ ಕಡಿತದಿಂದ ಹರಡುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಇದು ಮತ್ತೆ ಮತ್ತೆ ಕಾಣಿಸಿಕೊಂಡಿದೆ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾವುಗಳಾದವು. ಕಾಯಿಲೆಯ ಕಾಲ ನವೆಂಬರ್–ಡಿಸೆಂಬರಿನಿಂದ ಮೇವರೆಗೆ, ಅಂದರೆ ಸೈಕಲ್ ಸವಾರಿಯ ಒಳ್ಳೆಯ ಕಾಲದ ಬಹುಪಾಲೂ ಅದರೊಳಗೇ. ದಣಿದು ತರಗೆಲೆಯ ಮೇಲೆ ಬೆನ್ನು ಚಾಚುವ ಆಸೆಯನ್ನು ಈ ಜಿಲ್ಲೆಯಲ್ಲಿ ಬಿಡಬೇಕು. ಮಂಗ ಸತ್ತು ಬಿದ್ದ ಸುದ್ದಿಯಿರುವ ಕಾಡಿನ ದಾರಿಯನ್ನು ಬಳಸಬಾರದು, ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆ ಸಿಕ್ಕರೆ ಕಾಲಿಗೆ ಹಚ್ಚಿಕೊಳ್ಳಬೇಕು, ಮನೆಗೆ ಬಂದ ಕೂಡಲೆ ಬಟ್ಟೆ ಬಿಸಿನೀರಿಗೆ ಹಾಕಬೇಕು. ಮಳೆಗಾಲದ ಇಂಬಳಗಳು ಇದಕ್ಕೆ ಹೋಲಿಸಿದರೆ ಸಂಭಾವಿತರು. ರಕ್ತ ಕುಡಿದು ಸುಮ್ಮನೆ ಹೋಗುತ್ತವೆ.

ಸುತ್ತಲಿನ ಇನ್ನಷ್ಟು ದಾರಿಗಳು

ದಿಬ್ಬಕ್ಕೆ ಇನ್ನೂ ಕಾಲು ಒಗ್ಗದವರಿಗೆ ಶಿವಮೊಗ್ಗದ ಪೂರ್ವ ದಿಕ್ಕು ಉದಾರವಾಗಿದೆ. ಹೊಳೆಹೊನ್ನೂರು ರಸ್ತೆಯಲ್ಲಿ ಸುಮಾರು 16 ಕಿ.ಮೀ. ದೂರದ ಕೂಡ್ಲಿಯಲ್ಲಿ ತುಂಗೆ ಭದ್ರೆಯರು ಸೇರುತ್ತಾರೆ. ಗದ್ದೆ, ತೆಂಗು, ಕಾಲುವೆ, ರಸ್ತೆ ಚಪ್ಪಟೆ. ಮತ್ತೂರು–ಹೊಸಹಳ್ಳಿಯ ಸುತ್ತು ಇನ್ನೂ ಚಿಕ್ಕದು. ಭದ್ರಾವತಿಯಿಂದ ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿಗೆ ಹೋಗುವ ದಾರಿ ಕೊನೆಯವರೆಗೂ ಸೌಮ್ಯವಾಗಿದ್ದು ಅಣೆಕಟ್ಟಿನ ಹತ್ತಿರ ಗುಡ್ಡ ಮುತ್ತಿಕೊಳ್ಳುತ್ತದೆ. ನೀರಾವರಿ ಕಾಲುವೆಗಳ ಏರಿಯ ಮೇಲಿನ ಮಣ್ಣುರಸ್ತೆಗಳು ಮತ್ತೊಂದು ಸಾಧ್ಯತೆ. ಕಾಲುವೆ ಸಮಪಾತಳಿ ಬಿಟ್ಟು ಕದಲುವಂತಿಲ್ಲವಾದ್ದರಿಂದ ಅದರ ಪಕ್ಕದ ದಾರಿಯಲ್ಲಿ ದಿಬ್ಬವೇ ಇರುವುದಿಲ್ಲ. ದಪ್ಪ ಟಯರು ಬೇಕು, ಅಷ್ಟೇ.

ಪಶ್ಚಿಮಕ್ಕೆ ಹೋಗುವವರ ನಕಾಶೆ ಇತ್ತೀಚೆಗೆ ಬದಲಾಗಿದೆ. ಲಿಂಗನಮಕ್ಕಿಯ ಹಿನ್ನೀರು ಸಾಗರ ತಾಲ್ಲೂಕನ್ನು ಎರಡು ಮಾಡಿದ ಮೇಲೆ ದಶಕಗಳ ಕಾಲ ಸಿಗಂದೂರು, ತುಮರಿ ಕಡೆಗೆ ದಾಟಲು ಲಾಂಚೇ ಗತಿಯಾಗಿತ್ತು. ಬಸ್ಸು, ಜೀಪು, ಎಮ್ಮೆ, ಸೈಕಲ್ಲು ಎಲ್ಲ ಒಟ್ಟಿಗೆ ತೇಲುತ್ತಿದ್ದವು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವೆ 2.44 ಕಿ.ಮೀ. ಉದ್ದದ ಕೇಬಲ್ ಸೇತುವೆ ತೆರೆದುಕೊಂಡಿತು. ಈಗ ಸವಾರ ನಿಲ್ಲದೆ ದಾಟಬಹುದು. ನಡುನೀರಿನಲ್ಲಿ ಅಡ್ಡಗಾಳಿ ಬೀಸುವಾಗ ಹ್ಯಾಂಡಲನ್ನು ಬಿಗಿಯಾಗಿ ಹಿಡಿಯಬೇಕು. ಲಾಂಚಿನ ಕಾಯುವಿಕೆಯಲ್ಲಿ ಸಿಗುತ್ತಿದ್ದ ವಿಶ್ರಾಂತಿ ಮಾತ್ರ ರದ್ದಾಗಿದೆ.

ದೂರದ ಸವಾರಿಯ ಗೀಳು

ದಿನಕ್ಕೆ 50 ಕಿ.ಮೀ. ಸಾಕೆನಿಸದವರಿಗೆ ಬ್ರೆವೆ ಎಂಬ ಪದ್ಧತಿಯಿದೆ. 1904ರಲ್ಲಿ ಹುಟ್ಟಿದ ಪ್ಯಾರಿಸಿನ ಓಡಾಕ್ಸ್ ಕ್ಲಬ್ಬಿನ ನಿಯಮಗಳಂತೆ, ಭಾರತದಲ್ಲಿ ಓಡಾಕ್ಸ್ ಇಂಡಿಯಾ ರಾಂಡನರ್ಸ್ ಮೂಲಕ ನಡೆಯುವ ಈ ಸವಾರಿಗಳು ಪಂದ್ಯಗಳಲ್ಲ. ಮೊದಲು ಬಂದವರಿಗೆ ಬಹುಮಾನವಿಲ್ಲ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40. ಗಡುವಿನೊಳಗೆ ಮುಗಿಸಿದರೆ ಸಾಕು, ಒಂದೇ ಋತುವಿನಲ್ಲಿ ನಾಲ್ಕನ್ನೂ ಮುಗಿಸಿದರೆ ‘ಸೂಪರ್ ರಾಂಡನರ್’. ಶಿವಮೊಗ್ಗದಿಂದ ಜೋಗಕ್ಕೆ ಹೋಗಿಬಂದರೆ ಸುಮಾರು 200 ಕಿ.ಮೀ. ಗಡುವು ಸರಾಸರಿ ಗಂಟೆಗೆ 15 ಕಿ.ಮೀ. ಎಂದು ಹಗುರವಾಗಿ ಕಾಣುತ್ತದೆ. ಊಟ, ಪಂಕ್ಚರು, ಬರುವಾಗಿನ ಅದೇ ಮೂವತ್ತು ದಿಬ್ಬ ಎಲ್ಲವೂ ಅದರೊಳಗೇ ಸೇರಿವೆ ಎಂದು ಗೊತ್ತಾಗುವುದು ಮಧ್ಯಾಹ್ನದ ಮೇಲೆ.

ಬರುವಾಗಿನ ದಿಬ್ಬಗಳಿಗೆ ಮನಸ್ಸಿಲ್ಲದವರಿಗೆ ರೈಲಿದೆ. ತಾಳಗುಪ್ಪದ ಹಳಿ ಈಗ ಬ್ರಾಡ್‌ಗೇಜ್. ಮೈಸೂರು, ಬೆಂಗಳೂರುಗಳ ಗಾಡಿಗಳು ಇದರ ಮೇಲೆ ಓಡುತ್ತವೆ. ಸೈಕಲ್ಲನ್ನು ಸಾಮಾನಿನ ಲೆಕ್ಕದಲ್ಲಿ ಬುಕ್ ಮಾಡಿ ಬ್ರೇಕ್‌ವ್ಯಾನಿಗೆ ಹಾಕಬೇಕು, ಅದಕ್ಕೆ ಗಾಡಿ ಬರುವ ಸಾಕಷ್ಟು ಮೊದಲೇ ನಿಲ್ದಾಣದಲ್ಲಿರಬೇಕು. ಕುಂಸಿ, ಅರಸಾಳಿನಂಥ ಚಿಕ್ಕ ನಿಲ್ದಾಣಗಳಲ್ಲಿ ಗಾಡಿ ನಿಂತರೂ ನಿಲ್ಲುವುದು ಸ್ವಲ್ಪವೇ ಹೊತ್ತು. ಸೈಕಲ್ ಹತ್ತಿಸಬೇಕೆಂದಿರುವವರು ಸಾಗರದ ನಿಲ್ದಾಣಕ್ಕೆ ಹೋಗುವುದೇ ಕ್ಷೇಮ.